ಬಾಗಿಲು ತೆಗೆಯದೆ ಕೇಳಿದ ಸದ್ದು

ನನಗೆ ಕರೆಂಟಿನ ಹೆದರಿಕೆ. ಕರೆಂಟಿನ ಕೆಲಸದಲ್ಲೇ ಇರುವವಳು ಹೀಗೆ ಹೇಳಿದರೆ ಜನ ನಗುತ್ತಾರೆ, ನಗಲಿ. ಕಬ್ಬಿಣದ ಬೀರುವಿನಂಥ ಹನ್ನೊಂದು ಸಾವಿರ ವೋಲ್ಟಿನ ಪ್ಯಾನೆಲ್ ಎದುರು ನಿಂತರೆ ಈಗಲೂ ನನ್ನ ಅಂಗೈ ಬೆವರುತ್ತದೆ. ಅದಕ್ಕೇ ಸೆನ್ಸರ್‌ಗಳು ಬಂದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ನಾನು. ಬಾಗಿಲು ತೆಗೆಯಬೇಕಿಲ್ಲ, ಕರೆಂಟು ನಿಲ್ಲಿಸಬೇಕಿಲ್ಲ. ಬೆಂಕಿಪೊಟ್ಟಣದಷ್ಟು ಡಬ್ಬಿ, ಅದರ ಬೆನ್ನಿಗೊಂದು ಅಯಸ್ಕಾಂತ. ಕಬ್ಬಿಣದ ಪ್ಯಾನೆಲ್‌ನ ಹೊರಮೈಗೆ ಅಂಟಿಸಿದರೆ ಮುಗಿಯಿತು. ಒಳಗೆ ಇನ್ಸುಲೇಶನ್ ಸೋತು ಸಣ್ಣ ಕಿಡಿ ಏಳತೊಡಗಿದರೆ, ನಮ್ಮ ಕಿವಿಗೆ ಬೀಳದ ಆ ಚಿಟಿಚಿಟಿಯನ್ನು ಅದು ಕೇಳಿಸಿಕೊಂಡು ಸೋಲಾಪುರದ ನನ್ನ ಕಂಪ್ಯೂಟರಿಗೆ ಕಳಿಸುತ್ತದೆ. ಮೈಂದರ್ಗಿ ಕಡೆಯ ಒಂದು ಸಣ್ಣ ಸಬ್‌ಸ್ಟೇಷನ್‌ನಲ್ಲಿ ಆರು ಪ್ಯಾನೆಲ್‌ಗಳಿಗೆ ಆರು ಡಬ್ಬಿ ನಾನೇ ಅಂಟಿಸಿ ಬಂದಿದ್ದೆ.

ಅಲ್ಲಿನ ಆಪರೇಟರ್ ನಿವೃತ್ತಿಗೆ ಹತ್ತಿರವಾದವರು. ನಾನು ಅದೇ ಕಡೆಯ ಹನ್ನೂರಿನವಳೆಂದು ಗೊತ್ತಾದ ಮೇಲೆ ಆಫೀಸಿನ ಮರಾಠಿ ಬಿಟ್ಟು ಕನ್ನಡಕ್ಕೇ ಇಳಿದಿದ್ದರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ.

ದಸರೆಯ ಮರುದಿನ ಮಧ್ಯಾಹ್ನ ನನ್ನ ಕಂಪ್ಯೂಟರಿನ ಪರದೆಯಲ್ಲಿ ಮೂರನೇ ಪ್ಯಾನೆಲ್‌ನ ಗೆರೆ ಕೆಂಪಾಗಿ ಏರತೊಡಗಿತು. ಇಂಥ ಪ್ಯಾನೆಲ್ ಸಿಡಿದರೆ ಬಾಗಿಲೇ ಹಾರಿ ಬರುತ್ತದೆ, ಎದುರಿಗಿದ್ದವರು ಉಳಿಯುವುದು ಕಷ್ಟ. ಕೂಡಲೇ ಫೋನ್ ಮಾಡಿದೆ.

“ಕಾಕಾ, ಟೇಬಲ್ ಮ್ಯಾಲಿನ ಸ್ವಿಚ್ಚಿಂದ ಮೂರನೇದು ಬಂದ್ ಮಾಡ್ರಿ. ಅದರ ಹತ್ರ ನಿಂದರಬ್ಯಾಡ್ರಿ.”

“ಮಾಡಿದ್ನಿರಿ ಮ್ಯಾಡಮ್.”

ಗೆರೆ ಇಳಿಯಬೇಕಿತ್ತು. ಇಳಿಯಲಿಲ್ಲ, ಇನ್ನೂ ಏರಿತು. ಕರೆಂಟೇ ಇಲ್ಲದ ಪ್ಯಾನೆಲ್ ಸದ್ದು ಮಾಡುವುದು ಹೇಗೆ?

“ಕಾಕಾ, ಖರೇನ ಬಂದ್ ಆಗೇತೇನ್ರಿ?”

“ಆಗೇತ್ರಿ, ಬಂದ್ ಆದಾಗ ಹತ್ತೋ ಹಸಿರು ದೀಪ ಹತ್ತೇತ್ರಿ. ದೂರ ಇರ್ರಿ ಅಂದ್ರಲ್ರಿ, ಅದಕ್ಕ ಈ ತುದಿಗೆ ಆರನೇದರ ಮುಂದ ಕುರ್ಚಿ ಹಾಕ್ಕೊಂಡು ಕುಂತೀನಿ.”

“ಡಬ್ಬಿ ಇದ್ದಲ್ಲೇ ಅದಾವೇನ್ರಿ?”

“ಖಂಡೇನವಮಿಗೆ ಎಲ್ಲಾ ತಗದು, ಒರಸಿ, ಕುಂಕುಮ ಹಚ್ಚಿ ಪೂಜಿ ಮಾಡಿದ್ನಿರಿ. ಮತ್ತ ಒಂದೊಂದಕ್ಕ ಒಂದೊಂದು ಅಂಟಿಸೀನಿ. ಎಲ್ಲಾ ಒಂದೇ ನಮೂನಿ ಅದಾವಲ್ರಿ.”

ಆಯುಧಗಳ ಪೂಜೆಯ ದಿನ ಅವರು ಇಕ್ಕಳ, ಕೈಗವಸುಗಳ ಸಾಲಿನಲ್ಲಿ ನನ್ನ ಸೆನ್ಸರ್‌ಗಳನ್ನೂ ಇಟ್ಟಿದ್ದರು. ಡಬ್ಬಿಗಳು ಅದಲುಬದಲಾಗಿದ್ದವು, ಉಳಿದ ಐದರಲ್ಲಿ ಯಾವುದು ಸಿಡಿಯಲಿದೆಯೋ ಈಗ ಯಾರಿಗೂ ಗೊತ್ತಿರಲಿಲ್ಲ.

“ಎದ್ದು ಹೊರಗ ನಡೀರಿ ಕಾಕಾ. ಏನೂ ಮುಟ್ಟಬ್ಯಾಡ್ರಿ.”

“ಹಂಗ ಹೆಂಗ ಬಿಟ್ಟು ಹೋಗ್ಲಿರಿ, ಉಳಿದವೂ ಬಂದ್ ಮಾಡಿ...” ಅಷ್ಟರಲ್ಲಿ ಫೋನ್ ಕಟ್ಟಾಯಿತು.

ಆ ಸಬ್‌ಸ್ಟೇಷನ್‌ಗೆ ಕರೆಂಟು ಬರುವುದು ಅಕ್ಕಲಕೋಟೆ ಕಡೆಯಿಂದ. ಅಲ್ಲಿಗೆ ಫೋನ್ ಮಾಡಿ ಲೈನ್ ಬಂದ್ ಮಾಡಿ ಎಂದೆ. ಅಲ್ಲಿದ್ದವನು ಮೇಲಿನಿಂದ ಆದೇಶ ಬಂದಿದೆಯೇ ಎಂದು ಮರಾಠಿಯಲ್ಲಿ ನಿಧಾನವಾಗಿ ಕೇಳಿದ. ನಾನು ಏನು ಚೀರಿದೆನೋ ನೆನಪಿಲ್ಲ. ಅಕ್ಕಪಕ್ಕದ ಮೇಜಿನವರು ಎದ್ದು ನಿಂತರು.

ಗೆರೆ ಒಮ್ಮೆಲೇ ನೆಲಕಚ್ಚಿತು. ಅಕ್ಕಲಕೋಟೆಯವರು ಬಂದ್ ಮಾಡಿದ್ದಕ್ಕೋ, ಪ್ಯಾನೆಲ್ ಸಿಡಿದದ್ದಕ್ಕೋ? ಎರಡಕ್ಕೂ ಗೆರೆ ಹಾಗೇ ಬೀಳುತ್ತದೆ. ಪ್ಯಾನೆಲ್‌ನ ಒಳಗಿನ ಕಿಡಿಯನ್ನು ಕೇಳಬಲ್ಲ ಯಂತ್ರ, ಅದರ ಮುಂದೆ ಕೂತ ಮನುಷ್ಯನ ಬಗ್ಗೆ ಏನೂ ಹೇಳುವುದಿಲ್ಲ. ಮತ್ತೆ ಮತ್ತೆ ಫೋನ್ ಮಾಡಿದೆ. ಎತ್ತಲಿಲ್ಲ. ಅವರ ಮನೆಗೆ ಹೋಗಿ ಏನೆಂದು ಹೇಳಲಿ ಎಂದು ಯೋಚಿಸತೊಡಗಿದ್ದೆ.

ಕೊನೆಗೆ ಅವರೇ ಮಾಡಿದರು. “ಹೊರಗ ಬೇವಿನ ಗಿಡದ ಬುಡಕ ಅದೀನ್ರಿ. ಫೋನ್ ಕುರ್ಚಿ ಮ್ಯಾಲ ಬಿಟ್ಟಿದ್ದೆ. ಕರೆಂಟ್ ಹೋದಮ್ಯಾಲ ಒಳಗ ಹೋಗಿ ತಂದೆ.” ನಾನು ಆಫೀಸಿನಲ್ಲೇ ಅತ್ತುಬಿಟ್ಟೆ.

ಮರುದಿನ ಎಲ್ಲರ ಎದುರು ಪ್ಯಾನೆಲ್‌ಗಳ ಬಾಗಿಲು ತೆಗೆಸಿದೆವು. ಮೂರನೆಯದು ಹೊಸದರಂತಿತ್ತು. ಆರನೆಯದರಲ್ಲಿ ಇನ್ಸುಲೇಟರ್ ಕರಕಲಾಗಿ ಸೀಳಿಹೋಗಿತ್ತು. ಕಾಕಾ ಹಿರಿಯ ಅಧಿಕಾರಿಗಳ ಮುಂದೆ ನನಗೆ ಕೈ ಮುಗಿದರು. “ನಂದ ತಪ್ಪಾತ್ರಿ ಮ್ಯಾಡಮ್. ನಾ ಡಬ್ಬಿ ತಗೀಬಾರದಿತ್ತು.”

ಪ್ರತಿ ಡಬ್ಬಿಯ ಮೇಲೂ ಅದರ ಪ್ಯಾನೆಲ್‌ನ ನಂಬರ್ ಬರೆಯುವುದು ನನ್ನ ಕೆಲಸವಾಗಿತ್ತು. ಅವಸರದಲ್ಲಿ ಒಂದರ ಮೇಲೂ ಬರೆದಿರಲಿಲ್ಲ. ಹೇಳಿದರೆ ನೌಕರಿಗೆ ಏನಾದೀತೋ ಎಂದು ಹೆದರಿದೆ. ಅಧಿಕಾರಿಗಳು ನನ್ನ ಮುಖ ನೋಡುತ್ತಿದ್ದರು.

“ಇರಲಿ ಬಿಡ್ರಿ ಕಾಕಾ,” ಎಂದೆ.