ಕೈಯಲ್ಲಿ ಕಲಸಿದ ಬಿಯರ್

ಹಲ್ಲು ಗಿಂಜೋದರಲ್ಲಿ ನಮ್ಮನೆಯವರನ್ನು ಮೀರಿಸೋರು ಇರಲಿಲ್ಲ. ಎಪ್ಪತ್ತರ ದಶಕ ಮುಗೀತಾ ಬಂದಿತ್ತು, ನಾವು ಅಮೆರಿಕದ ಲಿವೋನಿಯಾದಲ್ಲಿದ್ದೆವು. ಇವರು ಕಾರಿನ ಬ್ರೇಕ್ ಮಾಡೋ ಕಂಪನಿಯಲ್ಲಿ ಎಂಜಿನಿಯರ್. ಹೆಡ್ ಆಫೀಸು ಚಿಕಾಗೋ ಪಕ್ಕದ ಇಟಾಸ್ಕಾದಲ್ಲಿ, ಡ್ರೈವ್ ಮಾಡಿದರೆ ಐದು ಗಂಟೆ. ಅಲ್ಲಿ ಕ್ವಾಲಿಟಿ ಮ್ಯಾನೇಜರ್ ಜಾಗ ಖಾಲಿಯಾಗಿತ್ತು. ಎರಡು ಸಲ ಕೈತಪ್ಪಿದ ಪ್ರಮೋಷನ್ನು, ಈ ಸಲವೂ ಹೋದರೆ ರಿಟೈರ್ ಆಗೋವರೆಗೂ ಇದೇ ಕುರ್ಚಿ ಅಂತ ಇವರಿಗೆ ಖಾತ್ರಿಯಾಗಿತ್ತು. ಕೊಡೋನು ಇಟಾಸ್ಕಾದ ಬಾಸು.

ಆ ಮಹಾನುಭಾವನ ಅಜ್ಜ ಜರ್ಮನಿಯವನಂತೆ. ಕೇಳಲಿ ಬಿಡಲಿ, ಹೇಳೋನು. ಅವನಿಗೆ ಜರ್ಮನ್ ರೀತಿಯ, ತಾಮ್ರದ ಬಣ್ಣದ ಒಂದು ಬಿಯರ್ ಪ್ರಾಣ. ಚಿಕಾಗೋ ಕಡೆ ಸಿಗುತ್ತಿತ್ತು, ನಮ್ಮ ಕಡೆ ಇಲ್ಲ. ಇವರು ಅಲ್ಲಿಂದ ಒಂದು ಬಾಟಲಿ ತಂದು, ಥೇಟ್ ಇಂಥದ್ದೇ ಮನೇಲಿ ಮಾಡಿ ಬಾಸನ್ನ ಊಟಕ್ಕೆ ಕರೀತೀನಿ ಅಂದರು. ಜನ್ಮಕ್ಕೆ ಅರ್ಧ ಗ್ಲಾಸು ಕುಡಿದ ಮನುಷ್ಯ, ಅದೂ ಕಷಾಯ ಕುಡಿದ ಹಾಗೆ ಮುಖ ಕಿವುಚಿಕೊಂಡು.

ಅಂಗಡಿಯಿಂದ ಮಾಲ್ಟ್ ಅನ್ನೋ ಮೊಳೆತ ಬಾರ್ಲಿಯ ಪಾಕ, ಯೀಸ್ಟು, ಹಾಪ್ಸ್ ಅನ್ನೋ ಕಹಿ ಹೂವು ಬಂದವು. ಕುದಿಸಿದ ದಿನ ಮನೆಯೆಲ್ಲ ದನದ ಕೊಟ್ಟಿಗೆಯ ವಾಸನೆ. ಆರಿದ ಮೇಲೆ ಯೀಸ್ಟ್ ಹಾಕಿ, ಮುಚ್ಚಿ, ತಣ್ಣಗಿರೋ ಕಡೆ ಇಡಿ, ಮತ್ತೆ ಮುಟ್ಟಬೇಡಿ ಅಂತ ಅಂಗಡಿಯವನು ಹೇಳಿದ್ದನಂತೆ. ಇವರಿಗೆ ಅವನಿಗಿಂತ ಜಾಸ್ತಿ ಗೊತ್ತು! ಇಡ್ಲಿ ಹಿಟ್ಟು ಸೌಟಲ್ಲಿ ಕಲಸಿದರೆ ಉಬ್ಬಲ್ಲ, ಕೈ ತಾಗಿದರೇನೇ ಹುದುಗು ಬರೋದು ಅಂತ ಇವರಮ್ಮ ಹೇಳಿಕೊಟ್ಟಿದ್ದರಲ್ಲ. ಅಂಗಿಯ ತೋಳು ಮಡಚಿ, ಮೊಣಕೈವರೆಗೂ ಬಕೆಟ್ಟಿಗೆ ಇಳಿಸಿ ಗರಗರ ತಿರುಗಿಸಿದರು. ಆಮೇಲೆ ಕಂಬಳಿ ಹೊದಿಸಿ ಬೇಸ್‌ಮೆಂಟಿನಲ್ಲಿ ಮನೆ ಬೆಚ್ಚಗಿಡೋ ಫರ್ನೇಸ್ ಪಕ್ಕ ಕೂರಿಸಿದರು. ಬಾಣಂತಿಗೂ ಅಷ್ಟು ಆರೈಕೆ ಮಾಡಿದವರಲ್ಲ, ನಾನೇ ಸಾಕ್ಷಿ.

ಬಾಟಲಿಗೆ ತುಂಬಿ ಮೂರು ವಾರವಾಯಿತು. ರುಚಿ ನೋಡಿದಿರಾ ಅಂದೆ. ಅತಿಥಿ ಕುಡಿಯೋ ಮುಂಚೆ ನಾನು ಬಾಯಿಗಿಟ್ಟರೆ ಎಂಜಲಾಗಲ್ವಾ ಅಂತ ನನ್ನನ್ನೇ ಗದರಿಸಿದರು. ಥೂ, ಬಿಯರಿಗೂ ನೈವೇದ್ಯದ ಮಡಿ.

ನನಗೆ ಅಂಥ ಮಡಿ ಇರಲಿಲ್ಲ. ಬಣ್ಣ ಹೋಲಿಸೋಕೆ ಅಂತ ಇವರು ಗ್ಲಾಸಿಗೆ ಬಗ್ಗಿಸಿಟ್ಟಿದ್ದ ಆ ಚಿಕಾಗೋ ಬಾಟಲಿಯ ಬಿಯರನ್ನ, ಬಗ್ಗಿಸಿದ ದಿನವೇ ನಾನು ಮುಗಿಸಿದ್ದೆ. ಚೆನ್ನಾಗಿತ್ತು, ಯಾಕೆ ಸುಳ್ಳು ಹೇಳಲಿ. ಬಾಸ್ ಬರೋ ಶನಿವಾರ ಬೆಳಿಗ್ಗೆ ಇವರದ್ದೂ ಒಂದು ತೆಗೆದು ನೋಡಿದೆ. ನಾಲ್ಕು ದಿನದ ಹುಳಿ ಮಜ್ಜಿಗೆ. ಸಿಂಕಿಗೆ ಚೆಲ್ಲಿ, ಬಾಟಲಿ ತೊಳೆದು ಒಳಗಿಟ್ಟೆ. ಹೇಳಬಹುದಿತ್ತು. ಇವರು ಮೇಜಿನ ಮೇಲೆ ಗ್ಲಾಸುಗಳನ್ನ ಒರೆಸಿ ಒರೆಸಿ ಜೋಡಿಸ್ತಾ ಇದ್ದರು. ಆ ಮುಖ ನೋಡಿ ನನಗೆ ಎಷ್ಟು ಅಸಹ್ಯವಾಯಿತು ಅಂದರೆ, ಅನುಭವಿಸಲಿ ಅಂದುಕೊಂಡು ಬಿಸಿಬೇಳೆಭಾತಿಗೆ ಒಗ್ಗರಣೆ ಹಾಕಲು ಹೋದೆ.

ಬಾಸು ಬಂದ. ಭಾತಿನಿಂದ ಗೋಡಂಬಿ ಮಾತ್ರ ಆರಿಸಿ ತಿಂದ, ದೊಡ್ಡ ಮನುಷ್ಯ. ಬಿಯರ್ ಒಂದು ಗುಟುಕು ಕುಡಿದು ಗ್ಲಾಸ್ ಕೆಳಗಿಟ್ಟು ನೀರು ಕೇಳಿದ. ಇದನ್ನ ನೀನು ಕುಡಿದು ನೋಡಿದೀಯಾ ಅಂದ. ಇವರು ಎದೆಯುಬ್ಬಿಸಿ, ಇಲ್ಲ ಸರ್, ಅತಿಥಿಗಿಂತ ಮುಂಚೆ ರುಚಿ ನೋಡೋದು ನಮ್ಮಲ್ಲಿ ಪದ್ಧತಿ ಇಲ್ಲ ಅಂದರು. ಅವನು ಗಟ್ಟಿಯಾಗಿ ನಕ್ಕ.

"ಇವನನ್ನ ನಾನು ಕ್ವಾಲಿಟಿಗೆ ಹಾಕಬೇಕಂತೆ," ಅಂದ, ನನ್ನ ಕಡೆ ತಿರುಗಿ.

ಆ ನಗುವಿಗೆ ಇವರೂ ನಕ್ಕರು. ಇಟಾಸ್ಕಾದ ಕೆಲಸ ಅಲ್ಲಿಯವನಿಗೇ ಹೋಯಿತು.

ಆ ಊಟದ ಮರುದಿನ ಬೆಳಿಗ್ಗೆ ಇವರು ಒಂದೊಂದೇ ಬಾಟಲಿ ತೆಗೆದು ಸಿಂಕಿಗೆ ಸುರೀತಾ ನಿಂತಿದ್ದರು. ಕೊನೆಯದನ್ನ ಬಾಯಿಗಿಟ್ಟು ನೋಡಿದರು. ಹಾಗೇ ಉಗುಳಿ, ತಿರುಗದೆ ಕೇಳಿದರು.

"ನೀನಾದರೂ ಒಂದು ಸಲ ರುಚಿ ನೋಡಿದ್ದರೆ ಹೇಳ್ತಿದ್ದೆ, ಅಲ್ವಾ?"

"ಹೇಳದೆ ಇರ್ತೀನಾ," ಅಂದೆ.

ಪಾಪ, ನಂಬಿದರು.