ದಸ್ತರ್ಖಾನದ ಸಾಲಿನಲ್ಲಿ ಬುರುಲ್ ಲೆಕ್ಕ

ಬುರುಲ್‌ಳನ್ನು ಹೆತ್ತದ್ದು ಪಕ್ಕದ ಮನೆಯ ಸೊಸೆ. ಆದರೆ ಕುದುರೆ ಹಾಲು ಕುಡಿಸಿ ಬೆಳೆಸಿದವಳು ನಾನೇ ಅಂದರೂ ತಪ್ಪಿಲ್ಲ. ಅವಳಿಗೆ ನಾನು ಅಪಾ, ಅಂದರೆ ಅಜ್ಜಿ. ಕುರಿ ಎಣಿಸಿ ಬಾ ಅಂದರೆ, "ಅಪಾ, ಕುಂಟೋವು ಎಷ್ಟು, ಗಬ್ಬದವು ಎಷ್ಟು, ಅದನ್ನೂ ಹೇಳ್ಲಾ?" ಎನ್ನುತ್ತಿದ್ದಳು. ಅವಳಪ್ಪನಿಗೂ ಇದೇ ಚಟ, ಒಮ್ಮೆ ಟ್ರ್ಯಾಕ್ಟರ್ ಪೂರ್ತಿ ಬಿಚ್ಚಿಟ್ಟು... ಇರಲಿ, ಅವನ ಕಥೆ ಬೇರೆ.

ಹುಡುಗಿ ಬಿಷ್ಕೆಕ್‌ಗೆ ಹೋಗಿ ಓದಿದಳು. ಮುಪ್ಪಿನ ಸಂಶೋಧನೆ ಮಾಡುವ ಡಾಕ್ಟರುಗಳ ಜೊತೆ ಅಂಕಿಅಂಶದ ಕೆಲಸಕ್ಕೆ ಸೇರಿದಳು. ಅವರು ನಮ್ಮ ಕೈಹಿಡಿತ, ನಡಿಗೆ, ರಕ್ತದೊತ್ತಡ ಅಳೆದು ರಾಶಿ ಹಾಕುತ್ತಾರೆ. ಯಾವ ವಯಸ್ಸಿಗೆ ಯಾವ ಶಕ್ತಿ ಕುಂದುತ್ತದೆ ಎಂದು ಆ ರಾಶಿಯಿಂದ ಹೆಕ್ಕಿ ತೆಗೆಯುವವಳು ಇವಳು.

"ಮುದುಕರಾಗೋದಕ್ಕೂ ಲೆಕ್ಕ ಬೇಕೇನೇ?" ಅಂದೆ.

"ನೀವಿನ್ನೂ ಕುದುರೆ ಹತ್ತುತ್ತೀರಿ. ನಿಮ್ಮ ತಂಗಿ ಮೆಟ್ಟಿಲೂ ಹತ್ತಲ್ಲ. ಯಾಕೆ ಅಂತ ಗೊತ್ತಾಗ್ಬೇಡ್ವಾ ಅಪಾ?"

ಆ ಸಂಶೋಧನೆಯ ವ್ಯಾನು ವಸಂತದಲ್ಲಿ ನಮ್ಮ ನರಿನ್ ಕಣಿವೆಗೆ ಬರುತ್ತಿತ್ತು. ಎದೆ ನೋಡುವ ಡಾಕ್ಟರು ನಮಗೆ ಸಿಗುತ್ತಿದ್ದದ್ದೇ ಅದರಲ್ಲಿ. ಒಂದು ಬೇಸಿಗೆ ಬುರುಲ್ ಬಾಡಿದ ಮುಖ ಹೊತ್ತು ಬಂದಳು.

"ನಮ್ಮ ಕಣಿವೇನ ಸಂಶೋಧನೆಯಿಂದಲೇ ಕೈ ಬಿಡ್ತಾರಂತೆ ಅಪಾ. ನಿಮ್ಮೋರ ವಯಸ್ಸೆಲ್ಲ ಸುಳ್ಳು ಅಂತಾರೆ. ಇನ್ನು ವ್ಯಾನೂ ಬರಲ್ಲ."

ನಡೆದದ್ದಿಷ್ಟು. ನಾವು ವಯಸ್ಸು ಹೇಳುವುದು ಮೂಚೆಲ್‌ನಲ್ಲಿ. ಹನ್ನೆರಡು ಪ್ರಾಣಿಗಳ ವರ್ಷ ಒಂದು ಸುತ್ತು ಬಂದರೆ ಒಂದು ಮೂಚೆಲ್. ತಾಯ ಹೊಟ್ಟೆಯಲ್ಲಿದ್ದದ್ದಕ್ಕೆ ಒಂದು ವರ್ಷ ಮೇಲೆ. ವ್ಯಾನಿನಲ್ಲಿ ಬಂದ ಪಟ್ಟಣದ ಹುಡುಗಿಯರು ವಯಸ್ಸು ಕೇಳಿದರು. ಕೆಲವರು ಆರು ದಾಟಿತು ಅಂದರು, ಕೆಲವರು ಏಳು ದಾಟಿತು ಅಂದರು. ಆರಕ್ಕೆ ಎಪ್ಪತ್ಮೂರು, ಏಳಕ್ಕೆ ಎಂಬತ್ತೈದು ಅಂತ ಬರೆದುಕೊಂಡು ಹೋದರು. ನಡುವೆ ಒಂದು ನರಪಿಳ್ಳೆ ಇಲ್ಲ! ಸಂಶೋಧನೆಯ ಮುಖ್ಯಸ್ಥರು ಪಾವೆಲ್ ಆಂದ್ರೇವಿಚ್, ಪಟ್ಟಣದ ರಷ್ಯನ್ನರು, "ನಿಮ್ಮೂರಲ್ಲಿ ಮಕ್ಕಳು ಹನ್ನೆರಡು ವರ್ಷಕ್ಕೊಮ್ಮೆ ಹುಟ್ತಾರಾ?" ಎಂದು ಬುರುಲ್‌ಳನ್ನು ಕೇಳಿದರಂತೆ. ಪಾಸ್‌ಪೋರ್ಟ್ ನೋಡೋಣವೆಂದರೆ ಅದನ್ನು ಮಾಡಿದ ಗುಮಾಸ್ತ ಮುಖ ನೋಡಿ ವರ್ಷ ಬರೆದವನು. ನನ್ನ ಮುಖ ಅವನಿಗೆ ಚೆಂದ ಕಂಡಿರಬೇಕು, ಬಲು ಚಿಕ್ಕವಳನ್ನಾಗಿ ಮಾಡಿಟ್ಟಿದ್ದಾನೆ.

ಬುರುಲ್ ಮನೆಮನೆಗೆ ಹೋಗಿ ಒಂದೇ ಪ್ರಶ್ನೆ ಕೇಳಿದಳು: "ಯಾವ ಪ್ರಾಣಿಯ ವರ್ಷ?" ಹೆಸರು ಮರೆತವರಿಗೂ ಪ್ರಾಣಿ ಮರೆಯದು. ಮೂಚೆಲ್ ಜೊತೆ ಪ್ರಾಣಿಯನ್ನೂ ಸೇರಿಸಿ ಹುಟ್ಟಿದ ವರ್ಷದ ಲೆಕ್ಕ ಹೊಸದಾಗಿ ಹಾಕಿದಳು. ಪಾವೆಲ್ ಆಂದ್ರೇವಿಚ್ ಒಪ್ಪಲಿಲ್ಲ. "ಒಂದು ಸುತ್ತು ತಪ್ಪಿದ್ರೆ? ಹನ್ನೆರಡು ವರ್ಷ ಹೋಯ್ತಲ್ಲ."

"ನಮ್ಮೂರಿಗೆ ಊಟಕ್ಕೆ ಬನ್ನಿ. ಯಾರಿಗಿಂತ ಯಾರು ದೊಡ್ಡೋರು ಅಂತ ಪಟ್ಟಿ ಬರೆದು ಈಗ್ಲೇ ನಿಮ್ಮ ಕೈಗೆ ಕೊಟ್ಟಿರ್ತೀನಿ. ಅಲ್ಲಿ ನೀವೇ ನೋಡಿ" ಅಂದಳು ಇವಳು.

ಕುರಿ ಕಡಿದೆವು. ನೆಲಕ್ಕೆ ಊಟದ ಬಟ್ಟೆ, ದಸ್ತರ್ಖಾನ, ಹಾಸಿ ಬ್ರೆಡ್ಡು, ಬೆಣ್ಣೆ, ಕರಿದ ಹಿಟ್ಟಿನ ಬೊರ್ಸೋಕ್ ಸುರಿದೆವು. ಮುದುಕರಿಗೆ ಯಾರೂ ಏನೂ ಹೇಳಲಿಲ್ಲ. ಬಾಗಿಲಿಗೆ ದೂರದ ಜಾಗ ಎಲ್ಲರಿಗಿಂತ ಹಿರಿಯರದು, ಅಲ್ಲಿಂದ ವಯಸ್ಸಿನ ಸಾಲು ಇಳಿಯುತ್ತಾ ಬರಬೇಕು. ಶುರುವಾಯಿತು ನೂಕಾಟ.

"ಏ ಹಂದಿ, ಕೆಳಗೆ ಸರಿ! ನಾಯಿ ವರ್ಷ ಮೊದ್ಲು ಬಂತು!"

"ಸರೀತೀನಿ ಸರೀತೀನಿ, ಕಚ್ಬೇಡ!"

ಪಾವೆಲ್ ಆಂದ್ರೇವಿಚ್ ಪಟ್ಟಿಯ ಮೇಲೆ ಬೆರಳಿಟ್ಟು ಒಬ್ಬೊಬ್ಬರನ್ನೇ ತಾಳೆ ನೋಡಿದರು. ಸರಿ, ಸರಿ, ಸರಿ. ಕುದುರೆ ವರ್ಷದ ನಾನು ನನ್ನ ಜಾಗದಲ್ಲಿ ಕೂತೆ. ಆಮೇಲೆ ನಮ್ಮೂರಿನ ಮುದುಕ ದಿಯ್ಕಾನ್ ಬಂದು ನನಗಿಂತ ಕೆಳಗೆ ಕೂತ. ಮುಖ್ಯಸ್ಥರ ಬೆರಳು ನಿಂತಿತು.

"ಬುರುಲ್, ನಿನ್ನ ಲೆಕ್ಕದಲ್ಲಿ ಇವ್ರು ಎಂಬತ್ತೈದು. ಮೇಲೆ ಕೂರ್ಬೇಕಿತ್ತು."

ಹೋಯಿತು ವ್ಯಾನು ಅಂದುಕೊಂಡೆ. ಬುರುಲ್ ಚಹಾ ಬಟ್ಟಲು ಕೆಳಗಿಟ್ಟು ದಿಯ್ಕಾನ್ ಕಡೆ ತಿರುಗಿದಳು.

"ದಿಯ್ಕಾನ್ ಅಜ್ಜಾ, ಏಳು ಮೂಚೆಲ್, ಹಸುವಿನ ವರ್ಷ ಅಂದಿದ್ರಲ್ಲ? ಈ ಅಪಾಗಿಂತ ದೊಡ್ಡೋರಲ್ವಾ ನೀವು?"

"ಅಯ್ಯೋ, ಇವಳು ನನ್ನನ್ನ ಬೆನ್ನ ಮೇಲೆ ಹೊತ್ತು ತಿರುಗಿದೋಳು! ಹಸುವೇ ನಾನು, ಆದ್ರೆ ಆಮೇಲಿನ ಸುತ್ತಿನ ಹಸು. ವ್ಯಾನಲ್ಲಿ ದೊಡ್ಡೋರನ್ನ ಮೊದ್ಲು ನೋಡ್ತಾರೆ. ಬಿಸಿಲಲ್ಲಿ ಯಾರು ಕಾಯ್ತಾರೆ?"

"ಇಲ್ಲೂ ಹಾಗೇ ಮೇಲೆ ಕೂರ್ಬೋದಿತ್ತಲ್ಲ?" ಎಂದರು ಮುಖ್ಯಸ್ಥರು.

ದಿಯ್ಕಾನ್ ಕೆನ್ನೆ ಮುಟ್ಟಿಕೊಂಡ. "ಡಾಕ್ಟ್ರಿಗೆ ಸುಳ್ಳು ಹೇಳ್ಬೋದು ಸ್ವಾಮಿ. ಹಿರಿಯರ ಪಾಲಿನ ಮಾಂಸ ಗಂಟಲಲ್ಲಿ ಇಳಿಯುತ್ತಾ?"

"ಎಪ್ಪತ್ಮೂರಾಯ್ತು, ಬುದ್ಧಿ ಮಾತ್ರ ಇನ್ನೂ ಬರ್ಬೇಕು," ಅಂದೆ ನಾನು. ಪಾವೆಲ್ ಆಂದ್ರೇವಿಚ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. "ಒಂದು ಸುತ್ತಿನ ತಪ್ಪಿಗೆ ಹೆದರಿದ್ದೆ. ಅದನ್ನೂ ಹಿಡಿಯುತ್ತಲ್ಲ ಈ ಸಾಲು! ಬುರುಲ್, ಎಲ್ಲಾ ಊರಲ್ಲೂ ಹೀಗೇ ತಾಳೆ ನೋಡು. ನಿಮ್ಮ ಕಣಿವೆ ನಮ್ಮ ಜೊತೆಗೇ ಇರುತ್ತೆ."

ಬುರುಲ್ ಅಲ್ಲೇ ದಿಯ್ಕಾನ್ ವಯಸ್ಸು ತಿದ್ದಿ ಕಂಪ್ಯೂಟರ್ ತಿರುಗಿಸಿ ತೋರಿಸಿದಳು. ಒಬ್ಬೊಬ್ಬರ ವಯಸ್ಸು, ಶಕ್ತಿಗೆ ಒಂದೊಂದು ಚುಕ್ಕೆ. ಮೊದಲು ಎರಡು ದೊಡ್ಡಿಯಲ್ಲಿ ಕೂಡಿದ ಕುರಿಗಳಂತಿದ್ದ ಚುಕ್ಕೆಗಳು ಈಗ ನಮ್ಮ ಬೆಟ್ಟದ ತಪ್ಪಲಿನಂತೆ ನಯವಾಗಿ ಇಳಿದಿದ್ದವು. ಮುದುಕರೆಲ್ಲ ತಮ್ಮ ತಮ್ಮ ಚುಕ್ಕೆ ಹುಡುಕಿದ್ದೇ ಹುಡುಕಿದ್ದು. ನನ್ನದು ಎಲ್ಲರಿಗಿಂತ ಮೇಲಿತ್ತು, ಕುದುರೆ ಹತ್ತುವವಳಲ್ಲವೇ!

ನಾನು ಪಕ್ಕದ ಹಾಸಿಗೆ ತಟ್ಟಿದೆ. "ಬಾರೇ, ಇವತ್ತು ಇಲ್ಲಿ ಮೇಲೆ ಕೂರು."

ಮತ್ತೆ ಬಾಗಿಲ ಬಳಿ ಹೋಗಿ ಚಹಾ ಬಗ್ಗಿಸುತ್ತಿದ್ದ ಬುರುಲ್ ಕದಲಲಿಲ್ಲ. ಮುಖವೆಲ್ಲ ನಗು.

"ಸುಮ್ನಿರಿ ಅಪಾ, ನಾನು ಅಲ್ಲಿ ಕೂತ್ರೆ ಲೆಕ್ಕ ಕೆಡುತ್ತೆ!"