ಶಾಮಲಕ್ಕನ ಪಥ್ಯದ ಗುಂಡು

ಮಗಳನ್ನು ಶಾಮಲಕ್ಕನ ಮನೆಯಲ್ಲಿ ಬಿಡುವುದಕ್ಕೆ ಮುಂಚೆ ಮೈತ್ರಿ ಹದಿನಾಲ್ಕು ಪ್ರಶ್ನೆ ಬರೆದುಕೊಂಡು ಹೋಗಿದ್ದಳು. ಅದರಲ್ಲಿ ಒಂಬತ್ತು ಆ ಮನೆಯ ರಿವಾಲ್ವರಿನವು. ಅದು ಎಲ್ಲಿದೆ, ಪೆಟ್ಟಿಗೆಯಲ್ಲಿದ್ದರೆ ಬೀಗ ಎಂಥದ್ದು, ಬೀಗದ ಕೈ ಯಾರ ಹತ್ತಿರ, ಆ ಬೀಗದ ಕೈ ಇಡುವ ಜಾಗಕ್ಕೆ ಬೀಗವಿದೆಯೇ. ಶಾಮಲಕ್ಕ ಎಲ್ಲಕ್ಕೂ ಉತ್ತರ ಹೇಳಿ, ಗೋಡೆಗೆ ಬಿಗಿದ ಉಕ್ಕಿನ ಪೆಟ್ಟಿಗೆಯ ಬಾಗಿಲನ್ನು ಅವಳ ಕೈಯಿಂದಲೇ ಎಳೆಸಿದರು. ಅಲುಗಾಡಲಿಲ್ಲ. ಮೈತ್ರಿ ಮತ್ತೆ ಎಳೆದಳು.

"ಇನ್ನೊಂದ್ಸಲ ಎಳಿ. ಗೋಡೆನೇ ಬರತ್ತೆ" ಎಂದರು ಶಾಮಲಕ್ಕ.

ಮೈತ್ರಿ ಬೆಂಗಳೂರಿನಲ್ಲಿ ಕಾನ್ವೆಂಟಿನಲ್ಲಿ ಓದಿದವಳು, ಅಮೆರಿಕದ ರೆಡ್ಮಂಡಿನಲ್ಲಿ ಕೆಲಸ. ಭಯಪಡುವುದರಲ್ಲಿ ಅವಳಿಗೆ ಮೊದಲ ರ‍್ಯಾಂಕ್. ದ್ರಾಕ್ಷಿಯನ್ನು ನಾಲ್ಕು ಹೋಳು ಮಾಡಿ, ಆ ಹೋಳುಗಳನ್ನೂ ಒಮ್ಮೆ ನೋಡಿ ಇನ್ನೂ ಎರಡು ತುಂಬದ ಶರ್ವಾಣಿಯ ಬಾಯಿಗಿಡುವಳು. ಇಂಥವಳು ಡುವಾಲ್ ಎಂಬ ಹೊಲಗಳ ನಡುವಿನ ಊರಿನಲ್ಲಿ, ಮನೆಯಲ್ಲೇ ಗುಂಡು ಎರಕ ಹೊಯ್ಯುವ ಹೆಂಗಸಿನ ಮಡಿಲಿಗೆ ಮಗುವನ್ನು ಹಾಕಿದ್ದೇಕೆಂದರೆ, ಕನ್ನಡದಲ್ಲಿ ಗದರಿಸಿ ಅನ್ನ ತಿನ್ನಿಸುವವರು ಆ ಕಣಿವೆಯಲ್ಲಿ ಅವರೊಬ್ಬರೇ.

ಶಾಮಲಕ್ಕ ತುಮಕೂರಿನವರು, ಐವತ್ತನಾಲ್ಕು ವಯಸ್ಸು. ಕ್ಯಾನ್ಯನ್ ಪಾರ್ಕಿನ ಒಂದು ಔಷಧ ಕಂಪನಿಯ ಲ್ಯಾಬಿನಲ್ಲಿ ಹದಿನೇಳು ವರ್ಷ ಹನಿ ಹನಿಯಾಗಿ ದ್ರಾವಣ ಅಳೆದು ಬಲ ಮಣಿಕಟ್ಟು ಕೆಟ್ಟಿತು, ಕೆಲಸ ಬಿಟ್ಟರು. ರಿವಾಲ್ವರ್ ತಂದದ್ದು ಅವರ ಗಂಡ ನಾಣಿ. ಪಕ್ಕದ ಹೊಲದವರ ಷೆಡ್ಡಿಗೆ ಕಳ್ಳ ನುಗ್ಗಿದ ವಾರ ಹುರುಪಿನಿಂದ ಕೊಂಡು, ರೇಂಜಿಗೆ ಹೋಗಿ ಆರು ಗುಂಡು ಹೊಡೆದು, ಕಿವಿ ಗುಂಯ್‌ಗುಡುತ್ತದೆಂದು ವಾಪಸ್ ಬಂದವರು ಮತ್ತೆ ಅದರ ತಂಟೆಗೆ ಹೋಗಲಿಲ್ಲ. ಜೊತೆಗೆ ಹೋಗಿದ್ದ ಶಾಮಲಕ್ಕನಿಗೆ ಮಾತ್ರ ಹುಚ್ಚು ಹಿಡಿಯಿತು. ಕಾಗದದ ಮೇಲಿನ ಕಪ್ಪು ಚುಕ್ಕೆಗೆ ಗುರಿಯಿಡುವಾಗ ತಲೆಯೊಳಗಿನ ಗಲಾಟೆಯೆಲ್ಲ ನಿಲ್ಲುತ್ತದೆ ಅನ್ನುತ್ತಿದ್ದರು. ಆದರೆ ಅಂಗಡಿಯ ತೋಟಾ ಒದೆಯುವ ಒದೆತಕ್ಕೆ ಮಣಿಕಟ್ಟು ಎರಡು ದಿನ ನೋಯುತ್ತಿತ್ತು. ಅದಕ್ಕೇ ತಾವೇ ಮೆತ್ತಗಿನದು ಮಾಡಿಕೊಳ್ಳಲು ಕಲಿತರು.

ಹಿತ್ತಲಿನ ಷೆಡ್ಡಿನಲ್ಲಿ ಹಳೆಯ ಸೀಸ ಕರಗಿಸಿ, ಅಚ್ಚಿಗೆ ಹೊಯ್ದು, ಆರಿದ ಮೇಲೆ ಗುಂಡುಗಳನ್ನು ಚಕ್ಕುಲಿಯಂತೆ ಬಟ್ಟೆಯ ಮೇಲೆ ಹರಡುವರು. ಇನ್ನೊಂದು ದಿನ, ಒಮ್ಮೆ ಹಾರಿಸಿದ ಹಿತ್ತಾಳೆಯ ಖಾಲಿ ತೋಟಾಗಳಿಗೆ ಒಂದು ಚಿಟಿಕೆ ಮದ್ದು ತೂಗಿ ಹಾಕಿ, ಮೇಲೆ ಗುಂಡು ಕೂರಿಸುವರು. ಮದ್ದು ಕಡಿಮೆಯಾದ್ದರಿಂದ ತೋಟಾದ ತಳದಲ್ಲೆಲ್ಲೋ ಕೂತಿರುತ್ತದೆ. ಮರೆತು ಎರಡು ಸಲ ಹಾಕಿದರೂ ಹಿಡಿಸುತ್ತದೆ, ಹಾಗೇನಾದರೂ ಆದರೆ ರಿವಾಲ್ವರ್ ಕೈಯಲ್ಲೇ ಸಿಡಿಯಬಹುದು. ಹಾಗಾಗಿ ಗುಂಡು ಕೂರಿಸುವ ಮೊದಲು ಐವತ್ತು ತೋಟಾಗಳನ್ನೂ ಸಾಲಾಗಿ ನಿಲ್ಲಿಸಿ, ಟಾರ್ಚ್ ಬಿಟ್ಟು ಒಂದೊಂದರೊಳಗೂ ಇಣುಕುವರು. ಆ ಹೊತ್ತಿನಲ್ಲಿ ನಾಣಿಯವರೂ ಮಾತಾಡಿಸುವಂತಿಲ್ಲ.

"ಇವು ಪಥ್ಯದ ಗುಂಡು. ಉಪ್ಪು ಖಾರ ಇಲ್ಲ. ಟುಸ್ ಅಂತ ಹೋಗಿ ಕಾಗದಕ್ಕೆ ತೂತು ಹಾಕತ್ತೆ, ನನ್ನ ಕೈಗೂ ನೋವಿಲ್ಲ" ಎಂದು ಒಮ್ಮೆ ಮೈತ್ರಿಗೆ ಹೇಳಿದ್ದರು. ಮೈತ್ರಿ ತಲೆಯಾಡಿಸಿದಳು. ಅವಳ ಕಣ್ಣು ಷೆಡ್ಡಿನ ಬಾಗಿಲ ಚಿಲಕದ ಎತ್ತರವನ್ನು ಅಳೆಯುತ್ತಿತ್ತು.

ಏಳು ತಿಂಗಳು ಚೆನ್ನಾಗಿಯೇ ನಡೆಯಿತು. ಶರ್ವಾಣಿ "ಬೇಡ" ಅನ್ನುವುದನ್ನು ತುಮಕೂರಿನ ರಾಗದಲ್ಲಿ ಕಲಿತಳು. ಎರಡು ವರ್ಷದ ತಪಾಸಣೆಯಲ್ಲಿ ಬೆರಳು ಚುಚ್ಚಿ, ಆಮೇಲೆ ತೋಳಿನಿಂದಲೂ ರಕ್ತ ತೆಗೆದರು. ರಕ್ತದಲ್ಲಿ ಸೀಸದ ವಿಷ ಏಳು ಮೈಕ್ರೋಗ್ರಾಂ ಎಂದು ಬಂತು. ಐದು ದಾಟಿದರೆ ಮೂಲ ಹುಡುಕಬೇಕು, ಗಾಬರಿ ಬೇಡ, ಮೂರು ತಿಂಗಳಿಗೆ ಮತ್ತೆ ನೋಡೋಣ ಎಂದರು ಡಾಕ್ಟರು. ಗಾಬರಿ ಬೇಡ ಎಂದು ಮೈತ್ರಿಗೆ ಹೇಳುವುದು ಮಳೆಗೆ ಒದ್ದೆ ಬೇಡ ಎಂದ ಹಾಗೆ. ನರ್ಸ್ ಕೊಟ್ಟ ಹಾಳೆಯ ಐದನೇ ಸಾಲು: ಮಗುವನ್ನು ನೋಡಿಕೊಳ್ಳುವವರಲ್ಲಿ ಯಾರಾದರೂ ಬಂದೂಕಿನ ಗುಂಡು ಎರಕ ಹೊಯ್ಯುತ್ತಾರೆಯೇ?

ಮೈತ್ರಿ ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೆ ಕೂತು ಅತ್ತಳು. ಹದಿನಾಲ್ಕು ಪ್ರಶ್ನೆಗಳಲ್ಲಿ ಸೀಸದ್ದು ಒಂದೂ ಇರಲಿಲ್ಲ. ಬೀಗವನ್ನು ಏಳು ತಿಂಗಳು ಕಾದಿದ್ದಳು.

ನೇರವಾಗಿ ಹೋಗಿ ಕೇಳಬಹುದಿತ್ತು. ಓದಿದವಳು, ಆಫೀಸಿನಲ್ಲಿ ಆರು ಜನರ ಟೀಮ್ ನಡೆಸುವವಳು. ಅವಳು ಶಾಮಲಕ್ಕನಿಗೆ ಮೆಸೇಜ್ ಮಾಡಿದಳು: "ಪಾಪುಗೆ ನೆಗಡಿ. ಎರಡು ದಿನ ಕಳಿಸಲ್ಲ." ಎರಡು ದಿನ ಎಂಟಾಯಿತು. ರಜೆ ಹಾಕಿ, ಮನೆಯ ಕಿಟಕಿ ಬಾಗಿಲು ಒದ್ದೆ ಬಟ್ಟೆಯಲ್ಲಿ ಒರೆಸಿ, ಒರೆಸಿದ ಬಟ್ಟೆಯನ್ನೂ ಎಸೆದಳು.

"ಅವರಿಗೆ ಒಂದ್ ಕಾಲ್ ಮಾಡಿ ಹೇಳ್ಬಿಡೇ" ಎಂದ ಗಂಡ ಪೃಥ್ವಿ.

"ಏನಂತ ಹೇಳ್ಲಿ? ನೀವು ನನ್ನ ಮಗಳಿಗೆ ವಿಷ ಹಾಕಿದ್ರಿ ಅಂತಲಾ?"

"ನೆಗಡಿಗಿಂತ ಅದೇ ವಾಸಿ."

ಒಂಬತ್ತನೇ ದಿನ ಶಾಮಲಕ್ಕನೇ ಬಂದರು, ಕೈಯಲ್ಲಿ ಕಷಾಯದ ಫ್ಲಾಸ್ಕು. ಬಾಗಿಲು ತೆಗೆದಾಗ ಶರ್ವಾಣಿ ಸೋಫಾದ ಮೇಲಿಂದ ಕೆಳಕ್ಕೆ ಹಾರುತ್ತಿದ್ದಳು. ಮೂಗಿನಲ್ಲಿ ಒಂದು ಹನಿಯೂ ಇರಲಿಲ್ಲ.

"ಭಾರಿ ನೆಗಡಿ" ಎಂದರು ಶಾಮಲಕ್ಕ.

ಮೈತ್ರಿ ಹಾಳೆಯನ್ನೂ ರಿಪೋರ್ಟನ್ನೂ ಮುಂದೆ ಚಾಚಿದಳು. ಶಾಮಲಕ್ಕ ನಿಂತೇ ಎರಡನ್ನೂ ಓದಿದರು. ಸಂಖ್ಯೆ ನೋಡಿದಾಗ ಅವರ ಮುಖ ಬಿಳುಚಿತು. ಫೋನ್ ತೆಗೆದು ಏನೋ ಹುಡುಕಿ ಅವಳ ಕಣ್ಣ ಮುಂದೆ ಹಿಡಿದರು.

"ಇದು ನನ್ನ ರಕ್ತ. ಆರು ತಿಂಗಳಿಗೊಂದ್ಸಲ ನೋಡಿಸ್ತೀನಿ. ಮೂರು. ನಮ್ಮಜ್ಜಿ ಮಡಿ ಮಾಡ್ತಿದ್ರಲ್ಲ, ನಾನು ಅದನ್ನೇ ಉಲ್ಟಾ ಮಾಡ್ತೀನಿ. ಷೆಡ್ಡಿನ ಬಟ್ಟೆ ಷೆಡ್ಡಿನ ಕೋಲಲ್ಲೇ, ಚಪ್ಪಲಿ ಅಲ್ಲೇ. ಕರಗಿಸೋದು ಶನಿವಾರ ಮಾತ್ರ. ತಲೆಗೆ ನೀರು ಹಾಕ್ಕೊಳ್ಳದೆ ಮನೆ ಒಳಗೆ ಕಾಲಿಡಲ್ಲ. ನಾಣಿನೇ ಮುಟ್ಟಿಸ್ಕೊಳ್ಳಲ್ಲ. ನೀನು ಕೇಳಿದ್ರೆ ಹೇಳ್ತಿದ್ದೆ."

"ಹಾಗಾದ್ರೆ ಎಲ್ಲಿಂದ ಬಂತು?"

"ಮಗು ಏನು ತಿನ್ನತ್ತೆ?"

ಮೈತ್ರಿಗೆ ಸ್ವಲ್ಪ ಜಂಭವೇ ಬಂತು. ಈ ವಿಷಯದಲ್ಲಿ ಅವಳ ಮೇಲೆ ಯಾರೂ ಬೆರಳು ತೋರಿಸುವಂತಿರಲಿಲ್ಲ. ಪ್ಲಾಸ್ಟಿಕ್ ಇಲ್ಲ, ನಾನ್‌ಸ್ಟಿಕ್ ಎಲ್ಲ ಎಸೆದಾಗಿದೆ, ಸಾರು ಮಾಡುವುದಕ್ಕೆ ಊರಿಂದ ಅಮ್ಮನ ಕೈಲಿ ಅಪ್ಪಟ ತವರದ ಪಾತ್ರೆ ತರಿಸಿದ್ದಾಳೆ, ಹಿಂದಿನವರು ಬಳಸುತ್ತಿದ್ದಂಥದ್ದೇ. ಐದು ತಿಂಗಳಿಂದ ದಿನಾ ಹುಣಸೆಹಣ್ಣಿನ ಸಾರು, ಅದರಲ್ಲೇ. ಶರ್ವಾಣಿ "ಮೋರ್ ಸಾರು" ಎಂದು ಬಟ್ಟಲು ಬಡಿಯುತ್ತಾಳೆ.

ಶಾಮಲಕ್ಕ ಅಡುಗೆಮನೆಗೆ ಹೋಗಿ ಪಾತ್ರೆಯನ್ನು ಎತ್ತಿ ಕೈಯಲ್ಲಿ ತೂಗಿದರು. ಅಂಚನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಬಗ್ಗಿಸಿದರು. ಆಮೇಲೆ ಮೇಜಿನ ಮೇಲಿದ್ದ ಲಕೋಟೆಯ ಮೇಲೆ ಅದರ ಅಂಚನ್ನು ಎಳೆದರು. ಪೆನ್ಸಿಲಿನಲ್ಲಿ ಗೀಚಿದಂತೆ ಬೂದು ಗೆರೆ ಮೂಡಿತು.

"ಗುಂಡಿಗೆ ಬೆರೆಸೋಕೆ ನಾನು ತವರ ತರಿಸ್ತೀನಿ, ಮೈತ್ರಿ. ತವರ ಬಗ್ಗಿಸಿದ್ರೆ ಕಿರಗುಡತ್ತೆ. ಇದು ಸುಮ್ನಿದೆ. ನನ್ನ ಷೆಡ್ಡಿನ ಸೀಸನೂ ಹೀಗೇ ಬರೆಯತ್ತೆ. ನನ್ನ ಮಾತು ನಂಬಬೇಡ, ಹೆಲ್ತ್ ಡಿಪಾರ್ಟ್‌ಮೆಂಟಿಗೆ ಕೊಟ್ಟು ಟೆಸ್ಟ್ ಮಾಡ್ಸು."

ಮೈತ್ರಿ ಅಡುಗೆಮನೆಯ ನೆಲದ ಮೇಲೆಯೇ ಕೂತುಬಿಟ್ಟಳು. ದ್ರಾಕ್ಷಿಯನ್ನು ನಾಲ್ಕು ಹೋಳು ಮಾಡುವ ತಾಯಿ ಐದು ತಿಂಗಳು ತನ್ನ ಕೈಯಾರೆ, ತುಪ್ಪ ಹಾಕಿ, ಸೌಟಿನಲ್ಲಿ ಬಡಿಸಿದ್ದಳು.

"ಇವತ್ತಿಂದ ಈ ಪಾತ್ರೆ ಬೇಡ. ನಮ್ಮನೆನೂ ಬೇಡ. ಮೂರು ತಿಂಗಳು ಎರಡನ್ನೂ ನಿಲ್ಸು" ಎಂದರು ಶಾಮಲಕ್ಕ.

"ನಿಮ್ಮನೆ ಯಾಕೆ? ಎರಡನ್ನೂ ನಿಲ್ಸಿದ್ರೆ, ನಿಮ್ಮದೇನೂ ತಪ್ಪಿಲ್ಲ ಅಂತ ಗೊತ್ತಾಗೋದು ಹೇಗೆ?"

"ಗೊತ್ತಾಗಲ್ಲ. ಲ್ಯಾಬಲ್ಲಾದ್ರೆ ಒಂದೊಂದೇ ಬದಲಾಯಿಸಿ ನೋಡ್ತಿದ್ದೆ. ಇದು ಮಗು ಕಣೇ."

ಫ್ಲಾಸ್ಕನ್ನು ಅಲ್ಲೇ ಬಿಟ್ಟು ಹೋದರು. ಪಾತ್ರೆಯಲ್ಲಿ ಸೀಸ ಧಾರಾಳವಾಗಿದೆ ಎಂದು ಎರಡು ವಾರಕ್ಕೆ ಉತ್ತರ ಬಂತು. ಮೈತ್ರಿ ಅದನ್ನು ಶಾಮಲಕ್ಕನಿಗೆ ಕಳಿಸಿದಳು. "ಸರಿ" ಎಂದಷ್ಟೇ ಜವಾಬು.

ಆ ಮೂರು ತಿಂಗಳು ಶರ್ವಾಣಿ ರೆಡ್ಮಂಡಿನ ಡೇಕೇರಿಗೆ ಹೋದಳು. "ಬೇಡ" ಮರೆತು "ನೋ ಥ್ಯಾಂಕ್ಯೂ" ಕಲಿತಳು. ಮೈತ್ರಿ ರೆಡ್ಮಂಡಿಗೆ ಹೋಗುವ ದಾರಿಯಲ್ಲಿ ಶಾಮಲಕ್ಕನ ಮನೆಯ ತಿರುವು ಬಂದಾಗಲೆಲ್ಲ, ಯಾರೋ ನೋಡುತ್ತಿದ್ದಾರೆಂಬಂತೆ ನೆಟ್ಟಗೆ ಕೂರುವಳು. ಮತ್ತೆ ರಕ್ತ ತೆಗೆದಾಗ ಮೂರಕ್ಕೆ ಇಳಿದಿತ್ತು.

"ಪಾತ್ರೆಯಿಂದಲೇ ಅನ್ಸತ್ತೆ. ಆದ್ರೂ ನೂರಕ್ಕೆ ನೂರು ಹೇಳಕ್ಕಾಗಲ್ಲ" ಎಂದ ಪೃಥ್ವಿ.

"ಗೊತ್ತು" ಎಂದಳು ಮೈತ್ರಿ. ಆ ರಾತ್ರಿ ಅವಳು ಎಂದಿನಂತೆ ನಿದ್ದೆಗೆಡಲಿಲ್ಲ. ಮಲಗಿ, ನಾಲ್ಕು ಗಂಟೆಗೆ ಎದ್ದು ನಿದ್ದೆಗೆಟ್ಟಳು.

ಸೋಮವಾರ ಬೆಳಗ್ಗೆ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಶಾಮಲಕ್ಕನ ಬಾಗಿಲು ತಟ್ಟಿದಳು. ಅವರು ಮಗುವಿನ ಕೆನ್ನೆ ಮುಟ್ಟಲು ಕೈ ಎತ್ತಿ, ಹಾಗೇ ನಿಲ್ಲಿಸಿ, ಮೈತ್ರಿಯ ಮುಖ ನೋಡಿದರು.

"ಮುಟ್ಟಿ ಶಾಮಲಕ್ಕ. ಮತ್ತೆ ಇಟ್ಕೊಳ್ತೀರಾ ಅಂತ ಕೇಳೋಕೇ ಬಂದಿದೀನಿ."

"ಸೀಸದ ಮೇಲೆ ಅನುಮಾನ ಪಟ್ಟಿದ್ದಕ್ಕೆ ನಂಗೇನೂ ಬೇಜಾರಿಲ್ಲ. ತಾಯಿ ಆದವಳು ಪಡಬೇಕು. ಎಂಟು ದಿನ ನೆಗಡಿ ಅಂದೆಯಲ್ಲ, ದಿನಾ ದೇವರಿಗೆ ಹೇಳ್ಕೊಂಡೆ ಕಣೇ ನಾನು." ಶಾಮಲಕ್ಕ ಎತ್ತಿದ ಕೈಯನ್ನು ಇಳಿಸಿದರು. "ಭಯ ಆದ್ರೆ ಎದುರಿಗೆ ಬಂದು ಕೇಳೋದಾದ್ರೆ ಮಗೂನ ಬಿಡು. ಇಲ್ದಿದ್ರೆ ಬೇಡ."

ಶರ್ವಾಣಿ ಆಗಲೇ ಜಾರಿ ಇಳಿದು ಒಳಗೆ ಓಡಿದ್ದಳು. ಮೈತ್ರಿ ಹೊಸ್ತಿಲಲ್ಲಿ ನಿಂತು ಬ್ಯಾಗಿನ ಪಟ್ಟಿಯನ್ನು ತಿರುಚಿದಳು.

"ಹಾಗಾದ್ರೆ ಈಗಲೇ ಒಂದು ಕೇಳ್ಲಾ?"

ಶಾಮಲಕ್ಕ ಗೋಡೆಯ ಗಡಿಯಾರ ನೋಡಿ, ಮೆಟ್ಟಿಲ ಮೇಲೆ ಕೂತು, ಪಕ್ಕದಲ್ಲಿ ಜಾಗ ಮಾಡಿದರು. ಮೈತ್ರಿ ಕೇಳಿದ್ದು ಇಪ್ಪತ್ತೆರಡು. ಷೆಡ್ಡಿನ ನೀರು ಎಲ್ಲಿಗೆ ಹರಿಯುತ್ತದೆ ಎನ್ನುವಲ್ಲಿಗೆ ಬರುವಷ್ಟರಲ್ಲಿ ಅವಳ ಒಂಬತ್ತು ಗಂಟೆಯ ಮೀಟಿಂಗ್ ಮುಗಿದಿತ್ತು.